ಹೋಗಿ ಬರುತ್ತೇನೆ

ಪ್ರವಾಸ ಹೊರಡುವವನ ಉತ್ಸಾಹವನ್ನು ವರ್ಣಿಸುವುದು ಸುಲಭ. ಮುನ್ನಾದಿನದ ಗಡಿಬಿಡಿ, ನೆಂಟರಿಷ್ಟರ ಹಾರೈಕೆ, ಕಾಣದ ನಾಡಿನ ಕುತೂಹಲ ಇವೆಲ್ಲ ಬರೆಯುವವನ ಕೈಗೆ ತಾವಾಗಿಯೇ ಬಂದು ಕೂಡುತ್ತವೆ. ಮರಳಿ ಬರುವವನ ಮನಸ್ಸು ಹಾಗಲ್ಲ. ಅಲ್ಲಿ ಸಂತೋಷವೂ ಉಂಟು, ವ್ಯಥೆಯೂ ಉಂಟು. ಯಾವುದು ಎಷ್ಟೆಂದು ಅಳೆದು ಹೇಳಲು ಅವನಿಗೇ ಆಗದು. ಪ್ರವಾಸ ಕಥನಗಳ ಕೊನೆಯ ಅಧ್ಯಾಯ ಸಾಮಾನ್ಯವಾಗಿ ಚಿಕ್ಕದಾಗಿರುವುದಕ್ಕೆ ಇದೇ ಕಾರಣವಿದ್ದೀತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹತ್ತು ತಿಂಗಳಿದ್ದು 2024ರ ಜುಲೈ ಮೊದಲ ವಾರ ಧಾರವಾಡಕ್ಕೆ ಹಿಂದಿರುಗಿದ ನಾನು ಆ ಚಿಕ್ಕ ಅಧ್ಯಾಯವನ್ನೇ ಇಲ್ಲಿ ಬರೆಯಹೊರಟಿದ್ದೇನೆ.

ಬಾಸೆಲ್ ಎಂಬ ಹೆಸರು ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಹೊಸದಲ್ಲ. 1815ರಲ್ಲಿ ಅಲ್ಲಿ ಸ್ಥಾಪಿತವಾದ ಮಿಶನ್ ಸಂಸ್ಥೆಯ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಮೂರು ವರ್ಷಗಳ ತರುವಾಯ ಧಾರವಾಡಕ್ಕೂ ಬಂದರು. ಮತಪ್ರಚಾರವೇ ಅವರ ಉದ್ದೇಶವಾಗಿದ್ದಿತು. ಆ ಉದ್ದೇಶದ ಬೆನ್ನ ಹಿಂದೆ ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆಗಳೂ ಬಂದವು. ಪತ್ರಿಕೆಯೂ ನಿಘಂಟೂ ಬಂದವು. ಹರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಫರ್ಡಿನೆಂಡ್ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರ 1,700ಕ್ಕೂ ಮಿಕ್ಕ ಪುಟಗಳನ್ನು ಇಂದಿಗೂ ನಾವು ತಿರುವಿಹಾಕುತ್ತಿದ್ದೇವೆ. ಈ ಪಾದ್ರಿಗಳು ನಮ್ಮ ನಾಡಿನಿಂದ ತಮ್ಮ ಹಿರಿಯರಿಗೆ ಬರೆದ ಪತ್ರಗಳು, ವರದಿಗಳು, ತೆಗೆದ ಛಾಯಾಚಿತ್ರಗಳು ಬಾಸೆಲ್ಲಿನ ಮಿಶನ್ ಬೀದಿಯ ದಾಖಲೆ ಭಂಡಾರದಲ್ಲಿ ಅಚ್ಚುಕಟ್ಟಾಗಿ ಉಳಿದಿವೆ. ಧಾರವಾಡ, ಹುಬ್ಬಳ್ಳಿಗಳಿಂದ ಹೋದ ಪತ್ರಗಳನ್ನು ಓದುವುದಕ್ಕೆಂದು ನನಗೊಂದು ವ್ಯಾಸಂಗ ವೇತನ ದೊರೆತು, ಕಾಲೇಜಿನಿಂದ ಹನ್ನೊಂದು ತಿಂಗಳ ರಜೆಯೂ ಸಿಕ್ಕಿತ್ತು.

ಓದುವುದೆಂದರೆ ಸುಲಭವಾಗಿರಲಿಲ್ಲ. ಆ ಪತ್ರಗಳು ಹಳೆಯ ಜರ್ಮನ್ ಕೈಬರಹದಲ್ಲಿವೆ. 1941ರಲ್ಲಿ ಜರ್ಮನಿಯ ಶಾಲೆಗಳಿಂದ ಹೊರಟುಹೋದ ಆ ಲಿಪಿ ಇಂದಿನ ಜರ್ಮನರಲ್ಲಿ ಬಹುಮಂದಿಗೇ ಬಾರದು. ನಮ್ಮ ಕಡೆಯ ಹಳೆಯ ಕಾಗದಪತ್ರಗಳ ಮೋಡಿ ಲಿಪಿಯನ್ನು ಬಲ್ಲವರಿಗೆ ನನ್ನ ಪಾಡು ಅರ್ಥವಾದೀತು. ಮೊದಲ ಎರಡು ತಿಂಗಳು ಒಂದು ಪುಟಕ್ಕೆ ಒಂದು ದಿನ ಹಿಡಿಯಿತು. ಚಳಿಗಾಲ ಕಳೆಯುವ ಹೊತ್ತಿಗೆ ಕಣ್ಣು ಪಳಗಿತು. ಎಷ್ಟರಮಟ್ಟಿಗೆಂದರೆ, ಹೆಸರು ನೋಡದೆಯೇ ಇದು ಇಂಥವರ ಅಕ್ಷರವೆಂದು ಹೇಳಬಲ್ಲವನಾದೆ.

ಈ ಅಕ್ಷರದ ಮಾತು ಬಂದುದರಿಂದ ನನ್ನ ತಂದೆಯವರ ಮಾತನ್ನು ಹೇಳಬೇಕು. ಅವರು ಧಾರವಾಡ ತಾಲೂಕಿನ ಹಳ್ಳಿಗಳಲ್ಲಿ ಮೂವತ್ತಾರು ವರ್ಷ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ದೂರವಾಣಿ ಅವರಿಗೆ ಒಗ್ಗದು. "ಮಾತು ಗಾಳಿಗೆ ಹೋಗ್ತದ, ಬರದದ್ದು ಉಳೀತದ" ಎನ್ನುವುದು ಅವರ ಸಿದ್ಧಾಂತ. ಅದರಂತೆ ನಾನು ಅಲ್ಲಿಗೆ ಹೋದ ಮೇಲೆ ಹದಿನೈದು ದಿನಕ್ಕೊಮ್ಮೆ ಪತ್ರ ಬರೆಯುತ್ತಿದ್ದರು, ನಾನೂ ಬರೆಯಬೇಕಾಗಿತ್ತು. ನನ್ನ ಪತ್ರದ ತಪ್ಪುಗಳಿಗೆ ಅವರು ಕೆಂಪು ಮಸಿಯಲ್ಲಿ ಸುತ್ತು ಹಾಕಿಟ್ಟುಕೊಂಡು ಮರುಟಪಾಲಿನಲ್ಲಿ ತಿಳಿಸುವರು. "ಕನ್ನಡ ಎಂ.ಎ. ಮಾಡಿದವನು ‘ಕೋಟ್ಯಾಂತರ’ ಎಂದು ಬರೆಯಬಾರದು, ಅದು ‘ಕೋಟ್ಯಂತರ’. ಹತ್ತು ಸಲ ಬರೆದು ಕಳಿಸುವುದು" ಎಂದು ಜನವರಿಯ ಪತ್ರದಲ್ಲಿ ಅಪ್ಪಣೆಯಾಗಿತ್ತು. ತಪ್ಪಿದ ಪದವನ್ನು ಹತ್ತು ಸಲ ಬರೆಯುವುದು ಅವರ ಶಾಲೆಯ ನಿಯಮ. ನಲವತ್ತಾರನೆಯ ವಯಸ್ಸಿನಲ್ಲಿ, ರೈನ್ ನದಿಯ ದಂಡೆಯ ಕೋಣೆಯಲ್ಲಿ ಕುಳಿತು, ನಾನು ಹತ್ತು ಸಲ ಬರೆದು ಕಳಿಸಿದೆ.

ಮಾರ್ಚ್ ಕೊನೆಗೆ ಅವರ ಪತ್ರಗಳು ನಿಂತವು. ಕೇಳಿದ್ದಕ್ಕೆ ನನ್ನ ಹೆಂಡತಿ, ಕಣ್ಣಿನ ಪೊರೆ ತೆಗೆಸಿದೆ, ಡಾಕ್ಟರರು ಓದು ಬರಹ ಬೇಡವೆಂದಿದ್ದಾರೆ ಎಂದಳು. ನಾನು ನಂಬಿದೆ. ನಂಬುವುದು ನನಗೆ ಅನುಕೂಲವೂ ಆಗಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಕೆಲಸ ಆಗತಾನೆ ಕೈಗೆ ಹತ್ತಿತ್ತು.

ಜೂನ್ ತಿಂಗಳ ಮೂರನೆಯ ವಾರದಲ್ಲಿ ಒಬ್ಬ ಪಾದ್ರಿಯ ಪತ್ರಗಳ ಕಟ್ಟೊಂದನ್ನು ಓದುತ್ತಿದ್ದೆ. ಬಲಕ್ಕೆ ಬಾಗಿದ, ಒತ್ತಾದ ಅಕ್ಷರ. ಕೆಲವು ಪತ್ರಗಳಾದ ಮೇಲೆ ಬರವಣಿಗೆ ಬದಲಾಯಿತು. ಸಹಿ ಅವರದೇ, ಒಕ್ಕಣೆಯೂ ಅವರದೇ. ಅಕ್ಷರ ಮಾತ್ರ ಗುಂಡಗಿನದು, ಅವರ ಹೆಂಡತಿಯದು. ಪತ್ರದಲ್ಲಿ ಬೇನೆಯ ಸುದ್ದಿ ಒಂದಿಷ್ಟೂ ಇರಲಿಲ್ಲ. ಮಳೆ, ಶಾಲೆಯ ಹುಡುಗರ ಸಂಖ್ಯೆ, ಕಟ್ಟಡದ ಖರ್ಚು ಎಲ್ಲವೂ ಯಥಾಪ್ರಕಾರ ಇದ್ದವು. ಅದರ ಮುಂದಿನ ಪತ್ರದಲ್ಲಿ ಆ ಸಹಿಯೂ ಇರಲಿಲ್ಲ. ಒಂದೂವರೆ ನೂರು ವರ್ಷಕ್ಕೂ ಹಿಂದೆ, ಬಾಸೆಲ್ಲಿನಲ್ಲಿ ಕುಳಿತು ಆ ಗುಂಡಗಿನ ಅಕ್ಷರದ ಪತ್ರ ಓದಿದವರಿಗೆ ಆಗಲೇ ತಿಳಿದಿರಬೇಕು. ಏನೂ ಆಗಿಲ್ಲವೆಂದು ಪತ್ರ ಹೇಳುತ್ತಿದೆ, ಅಕ್ಷರ ಬೇರೆ ಹೇಳುತ್ತಿದೆ.

ಕಟ್ಟನ್ನು ಮುಚ್ಚಿಟ್ಟು ಹೊರಗೆ ಬಂದು ಮನೆಗೆ ಕರೆಮಾಡಿದೆ. "ಅಪ್ಪಾಜಿಗೆ ಏನಾಗೇದ?" ಎಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಹೋಳಿ ಹುಣ್ಣಿವಿ ಆಗಿ ನಾಕು ದಿನಕ್ಕ ಲಕ್ವಾ ಹೊಡೀತ್ರಿ. ಬಲಗೈ, ಬಲಗಾಲು ಬಿದ್ದಿದ್ದುವು. ಈಗ ಹಿಡ್ಕೊಂಡ್ರ ನಾಕು ಹೆಜ್ಜಿ ನಡೀತಾರ. ನಾಲಿಗಿ ಮಾತ್ರ ಹೊಳ್ಳವಲ್ದು."

"ನನಗ್ಯಾಕ ಹೇಳಲಿಲ್ಲ?"

"ಮಾವನವರ ಬ್ಯಾಡ ಅಂದ್ರು. ಎಡಗೈಲೆ ಪಾಟಿ ಮ್ಯಾಲೆ ಬರದು ತೋರಿಸಿದ್ರು, ‘ಅವನ ಕೆಲಸ ಮುಗೀಲಿ’ ಅಂತ. ಎಡಗೈ ಅಕ್ಷರ ಕಂಡ್ರ ನಿಮಗ ಗೊತ್ತಾಗ್ತದ ಅಂತ ಪತ್ರಾನೂ ಬರೀಲಿಲ್ಲ."

ಆ ಸಂಜೆ ನಾನು ಕೋಣೆಗೆ ಹೋಗಲಿಲ್ಲ. ನದಿಯ ದಂಡೆಯಲ್ಲಿ ಬಹಳ ಹೊತ್ತು ಕುಳಿತಿದ್ದೆ. 1869ರಲ್ಲಿ ಸುಯೆಜ್ ಕಾಲುವೆ ತೆರೆಯುವ ಮೊದಲು ಧಾರವಾಡದ ಪತ್ರ ಬಾಸೆಲ್ಲಿಗೆ ಮುಟ್ಟಲು ವಾರಗಳೇ ಬೇಕಾಗುತ್ತಿದ್ದವು. ಬರೆದ ತಿಂಗಳೊಂದು, ತಲುಪಿದ ತಿಂಗಳು ಇನ್ನೊಂದು. ಸತ್ತವರಿಗೆ ಕ್ಷೇಮ ಕೇಳಿ ಬರೆದ ಉತ್ತರಗಳು ಹಡಗಿನಲ್ಲಿ ಬರುತ್ತಿದ್ದುವೆಂಬುದನ್ನು ಓದಿ ನಾನು ಮರುಗಿದ್ದೆ. ಅಂಗೈಯ ಯಂತ್ರದಲ್ಲಿ ಕ್ಷಣಮಾತ್ರದಲ್ಲಿ ಮುಖ ಕಾಣುವ ಈ ಕಾಲದಲ್ಲಿ ನನಗೆ ಸುದ್ದಿ ಮುಟ್ಟಲು ಹನ್ನೆರಡು ವಾರ ಹಿಡಿದಿತ್ತು. ದೂರವನ್ನು ಯಂತ್ರ ಕಡಮೆ ಮಾಡಬಲ್ಲುದು. ಮನೆಯವರ ಅಕ್ಕರೆ ಮತ್ತೆ ಅದನ್ನು ಹೆಚ್ಚಿಸಬಲ್ಲುದು.

ಕೆಲಸ ಮುಗಿಸಿಕೊಂಡೇ ಬರಬೇಕೆಂದು ಹೆಂಡತಿ ಹೇಳಿದಳು. ಅಪಾಯ ಕಳೆದಿದೆ, ನೋಡಿಕೊಳ್ಳಲು ನಾವಿದ್ದೇವೆ, ಇನ್ನು ಐದು ವಾರ ಮಾತ್ರ ಎಂದಳು. ಹುಬ್ಬಳ್ಳಿಯಲ್ಲಿರುವ ತಂಗಿ ಇಷ್ಟೊಂದು ಮಾತಾಡಲಿಲ್ಲ. "ಅಣ್ಣಾ, ಇದ್ದಾಗ ಬಾ" ಎಂದಳು. ಇಬ್ಬರ ಮಾತೂ ನಿಜವಾಗಿತ್ತು. ಓದದೆ ಉಳಿದಿದ್ದವು ಹನ್ನೊಂದು ಕಟ್ಟುಗಳು. ಕೊನೆಗೆ ಜುಲೈ 3ಕ್ಕೆ ಹೊರಡುವುದೆಂದು ನಿಶ್ಚಯಿಸಿದೆ. ವಿಮಾನದ ಟಿಕೆಟಿನ ದಿನಾಂಕ ಬದಲಾಯಿಸಲು ಚಳಿಗಾಲವಿಡೀ ಉಳಿಸಿದ್ದ ಹಣ ಹೋಯಿತು. ಅದಕ್ಕಾಗಿ ವ್ಯಥೆಯಾಗಲಿಲ್ಲ, ಆ ಹನ್ನೊಂದು ಕಟ್ಟುಗಳಿಗಾಗಿ ಆಯಿತು. ತಂದೆ ಮಾತು ಕಳೆದುಕೊಂಡು ಕುಳಿತಿರುವಾಗಲೂ ಮಗನ ಮನಸ್ಸಿನ ಒಂದು ಮೂಲೆ ಹಳೆಯ ಕಾಗದಗಳ ಲೆಕ್ಕ ಹಾಕುತ್ತಿತ್ತು. ವಿದ್ಯೆಯ ವ್ಯಾಮೋಹ ಇಂಥದು.

ಅಲ್ಲಿಂದ ಮುಂದೆ ಉಳಿದ ಹತ್ತು ದಿನ, ನಾನು ಓದಿದ ಪತ್ರಗಳೆಲ್ಲ ಮರಳುವುದನ್ನು ಕುರಿತೇ ಬರೆದವುಗಳಂತೆ ತೋರಿದವು. ಮೋಗ್ಲಿಂಗರು 1836ರಲ್ಲಿ ನಮ್ಮ ನಾಡಿಗೆ ಬಂದು 1860ರಲ್ಲಿ ಹಿಂದಿರುಗಿದರು. 1881ರಲ್ಲಿ ತೀರಿಕೊಳ್ಳುವವರೆಗೆ ಮತ್ತೆ ಕನ್ನಡನಾಡನ್ನು ಕಾಣಲಿಲ್ಲ. ಕಿಟ್ಟೆಲ್ಲರು 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಬಂದರು. ಒಮ್ಮೆ ಊರಿಗೆ ಹೋದವರು ನಿಘಂಟಿನ ಕೆಲಸಕ್ಕಾಗಿ 1883ರಲ್ಲಿ ಮರಳಿ ಬಂದರು. 1892ರಲ್ಲಿ ಕೊನೆಯ ಸಲ ಹೊರಟಾಗ ಅವರಿಗೆ ಅರವತ್ತು ವರ್ಷ. ಪುಸ್ತಕ ಇನ್ನೂ ಹೊರಬಿದ್ದಿರಲಿಲ್ಲ. 1903ರಲ್ಲಿ ಅವರು ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡ ವರ್ಷವೇ ಅವರ ಕನ್ನಡ ವ್ಯಾಕರಣ ಅಚ್ಚಾಯಿತು. ಕನ್ನಡದ ಪದಗಳನ್ನು ಮೂರು ದಶಕ ಕೂಡಿಹಾಕಿದ ಮನುಷ್ಯ, ಸುತ್ತಲೂ ಕನ್ನಡ ಕೇಳಿಸದ ಊರಿನಲ್ಲಿ ಹನ್ನೊಂದು ವರ್ಷ ಬಾಳಿದರು. ಅವರು ಊರಿಗೆ ಮರಳಿದರೆನ್ನೋಣವೆ, ಊರು ಬಿಟ್ಟು ಹೋದರೆನ್ನೋಣವೆ?

ಇವರಿಗಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಕಲಕಿದವರು ಇವರ ಮಕ್ಕಳು. ಮಂಗಳೂರು, ಧಾರವಾಡ, ಮಡಿಕೇರಿಗಳಲ್ಲಿ ಹುಟ್ಟಿ ಬೆಳೆದ ಎಳೆಯ ಮಕ್ಕಳನ್ನು ಶಾಲೆಯ ವಯಸ್ಸಾಗುತ್ತಲೇ ‘ಮನೆ’ಗೆಂದು ಯೂರೋಪಿಗೆ ಕಳುಹಿಸುತ್ತಿದ್ದರು, ಬಾಸೆಲ್ಲಿನಲ್ಲಿ ಅವರಿಗಾಗಿಯೇ ಮಿಶನ್ ಒಂದು ಮಕ್ಕಳ ಮನೆಯನ್ನು ನಡೆಸುತ್ತಿತ್ತು. ಕಾಣದ ದೇಶ ಅವರಿಗೆ ಮನೆಯಾಗಬೇಕಾಯಿತು. ಆಯಾಗಳ ಮಡಿಲಲ್ಲಿ ಕನ್ನಡವನ್ನೋ ತುಳುವನ್ನೋ ಕೇಳಿ ಬೆಳೆದ ಕೂಸು, ಆ ಚಳಿಯ ಊರಿನಲ್ಲಿ ಯಾವ ಮಾತಿನಲ್ಲಿ ಅತ್ತಿರಬಹುದು?

ನಾನಿದ್ದ ಕೋಣೆಯನ್ನು ಬರಿದುಮಾಡಲು ಒಂದು ಮಧ್ಯಾಹ್ನ ಸಾಕಾಯಿತು. ಕುಕ್ಕರನ್ನು, ಉಳಿದ ಸಾಂಬಾರಪುಡಿಯನ್ನು ಅಲ್ಲಿಯೇ ಓದುತ್ತಿದ್ದ ತಮಿಳು ಹುಡುಗನಿಗೆ ಕೊಟ್ಟೆ. ದಪ್ಪನೆಯ ಕೋಟೂ ಅವನಿಗೇ ಹೋಯಿತು. ಮನೆಯ ಯಜಮಾನಿ, ಎಪ್ಪತ್ತು ದಾಟಿದ ನಿವೃತ್ತ ದಾದಿ, ಜೇನು, ಬಾದಾಮಿ, ಮಸಾಲೆ ಹಾಕಿ ಮಾಡುವ ಲೆಕರ್ಲಿ ಎಂಬ ಆ ಊರಿನ ಗಟ್ಟಿ ಬಿಸ್ಕತ್ತಿನ ಡಬ್ಬಿ ತಂದಿಟ್ಟಳು. ಲಕ್ವಾದ ಮಾತು ತಿಳಿದಾಗ ಡಬ್ಬಿಯ ಮೇಲೆ ಕೈಯಿಟ್ಟು, "ನಿಮ್ಮ ತಂದೆಗೆ ಕೊಡುವಾಗ ಚಹಾದಲ್ಲಿ ನೆನೆಸಿಕೊಡಿ, ಗಂಟಲಿಗೆ ಸಿಕ್ಕೀತು" ಎಂದು ನಿಧಾನವಾಗಿ ಎರಡು ಸಲ ಹೇಳಿದಳು. ಹತ್ತು ತಿಂಗಳಲ್ಲಿ ಆಕೆ ನನ್ನೊಡನೆ ಬಾಡಿಗೆ, ಕಸದ ಚೀಲ, ಬಾಗಿಲಿನ ಬೀಗ ಇವುಗಳ ಹೊರತು ಮಾತಾಡಿದುದು ಕಡಮೆ. ಹೊರಡುವ ಗಳಿಗೆಯಲ್ಲಿ ಮನುಷ್ಯರು ಹತ್ತಿರವಾಗುತ್ತಾರೆ. ಮೊದಲೇ ಏಕೆ ಆಗಲಿಲ್ಲವೆಂದು ಕೊರಗಲು ಆಗ ಹೊತ್ತಿರುವುದಿಲ್ಲ.

ಭಾನುವಾರ ಸಂಜೆ ಕೊನೆಯ ಸಲ ದೋಣಿ ಹತ್ತಿದೆ. ಬಾಸೆಲ್ಲಿನಲ್ಲಿ ರೈನ್ ನದಿಯನ್ನು ದಾಟಿಸುವ ನಾಲ್ಕು ದೋಣಿಗಳುಂಟು. ಅವಕ್ಕೆ ಯಂತ್ರವಿಲ್ಲ, ಹುಟ್ಟೂ ಇಲ್ಲ. ದಡದಿಂದ ದಡಕ್ಕೆ ನೀರಿನ ಮೇಲೆ ಎತ್ತರದಲ್ಲಿ ಬಿಗಿದ ಉಕ್ಕಿನ ಹಗ್ಗ, ಅದರಿಂದ ಇಳಿಬಿಟ್ಟು ದೋಣಿಗೆ ಕಟ್ಟಿದ ಇನ್ನೊಂದು ಹಗ್ಗ. ಅಂಬಿಗ ದೋಣಿಯನ್ನು ಒಂದಿಷ್ಟು ಓರೆಮಾಡಿದರೆ ಹೊಳೆಯ ಸೆಳವೇ ಅದನ್ನು ಆಚೆ ದಡಕ್ಕೆ ನೂಕುತ್ತದೆ; ಇನ್ನೊಂದು ಬದಿಗೆ ಓರೆಮಾಡಿದರೆ ಈಚೆಗೆ ತರುತ್ತದೆ. ಹೋಗುವುದಕ್ಕೂ ಬರುವುದಕ್ಕೂ ಅದೇ ನೀರು. ಕೆಂಪು ಕಲ್ಲಿನ ದೊಡ್ಡ ಇಗರ್ಜಿ ಸಂಜೆಬಿಸಿಲಿಗೆ ಹೊಳೆಯುತ್ತಿತ್ತು. ಬೇಸಗೆಯ ಹುಡುಗರು ಬಟ್ಟೆಯನ್ನು ನೀರು ಹೋಗದ ಚೀಲದಲ್ಲಿ ಕಟ್ಟಿಕೊಂಡು ಹೊಳೆಯಲ್ಲಿ ತೇಲಿಹೋಗುತ್ತಿದ್ದರು. ಮೊದಲ ತಿಂಗಳು ಇದನ್ನೆಲ್ಲ ಪರದೇಶದ ನೋಟವೆಂದು ನೋಡಿದ್ದೆ. ಈಗ ಅದು ನನ್ನ ದಿನದ ದಾರಿಯಾಗಿತ್ತು, ಮತ್ತು ಆ ದಾರಿ ಇನ್ನೆರಡು ದಿನಕ್ಕೆ ಮುಗಿಯುವುದಿತ್ತು.

ಜುಲೈ 1ರಂದು ಭಂಡಾರದ ಮೇಜಿಗೆ ಕೊನೆಯ ಕಟ್ಟನ್ನು ಮರಳಿಸಿದೆ. ‘ಮಂಗಳೂರ ಸಮಾಚಾರ’ ಹುಟ್ಟಿದ ಆ ದಿನವನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸುತ್ತಾರೆಂದು ಅಲ್ಲಿದ್ದ ಹಿರಿಯಾಕೆಗೆ ಹೇಳಿದಾಗ ಆಕೆ ಹಿಗ್ಗಿದಳು. "ಹಾಗಾದರೆ ಹೋಗುತ್ತೀರಿ" ಎಂದಳು. ನಾನು ನನ್ನ ಹರಕು ಜರ್ಮನ್ನಿನಲ್ಲಿ ವಿವರಿಸಿದೆ: ನಮ್ಮಲ್ಲಿ ಹೊರಟವನು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾನೆ, ಬರಿದೆ ಹೋಗುತ್ತೇನೆಂದರೆ ಹಿರಿಯರು ಬಯ್ಯುತ್ತಾರೆ, ಸಾವಿನ ಮನೆಯಿಂದ ಹೊರಡುವವನು ಮಾತ್ರ ‘ಬರುತ್ತೇನೆ’ ಎನ್ನದೆ ಸುಮ್ಮನೆ ಎದ್ದುಹೋಗುತ್ತಾನೆ. ಆಕೆ ಸ್ವಲ್ಪ ಯೋಚಿಸಿ, ತಮ್ಮ ಕಡೆಯೂ ಬೀಳ್ಕೊಡುವಾಗ ‘ಮತ್ತೆ ನೋಡುವವರೆಗೆ’ ಎಂಬ ಅರ್ಥದ ಮಾತನ್ನೇ ಆಡುತ್ತಾರೆ ಎಂದಳು. ಆಮೇಲೆ ಉಳಿದ ಹನ್ನೊಂದು ಕಟ್ಟುಗಳ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ನನ್ನ ಕೈಗಿತ್ತಳು. ಹೋಗಿ ಬರುತ್ತೇನೆಂಬ ನನ್ನ ಮಾತನ್ನು ಆಕೆ ಉಪಚಾರವೆಂದು ತಿಳಿಯಲಿಲ್ಲ, ಕರಾರೆಂದೇ ತಿಳಿದಳು. ಆ ಚೀಟಿ ಈಗ ನನ್ನ ನಿಘಂಟಿನೊಳಗಿದೆ.

ಬಾಸೆಲ್ಲಿನಿಂದ ಫ್ರಾಂಕ್‌ಫರ್ಟಿಗೆ ರೈಲಿನಲ್ಲಿ ಮೂರು ಗಂಟೆಯ ದಾರಿ. ಬಲಗಡೆ ಕಪ್ಪು ಕಾಡಿನ ಬೆಟ್ಟಗಳು ಬಹುದೂರ ಜೊತೆಗೆ ಬಂದು ಹಿಂದುಳಿದವು. ವಿಮಾನದಲ್ಲಿ ನನ್ನ ಪಕ್ಕದ ಆಸನ ಮೈಸೂರಿನ ಕಡೆಯ ವಯಸ್ಸಾದ ತಾಯಿಯೊಬ್ಬರದು. ಗಗನಸಖಿ ಕಾಫಿ ತಂದಾಗ ಅವರು ಮರೆತು ಕನ್ನಡದಲ್ಲಿಯೇ "ಬೇಡಮ್ಮ, ಒಂಚೂರು ಬಿಸಿನೀರು ಕೊಡು" ಎಂದರು. ಮನೆಯವರ ಮಾತನ್ನು ಬಿಟ್ಟರೆ ಹತ್ತು ತಿಂಗಳಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಕನ್ನಡ ಅದು. ಮಗಳ ಬಾಣಂತನಕ್ಕೆಂದು ಬಂದು ಆರು ತಿಂಗಳಿದ್ದು ಮರಳುತ್ತಿದ್ದರು. "ಊರಿಗೆ ಹೋಗ್ತಿರೋದು ಸಂತೋಷ ಅಲ್ಲವೇ ಅಮ್ಮ?" ಎಂದೆ. "ಸಂತೋಷವೇ. ಮಗು ನನ್ನ ಮುಖ ನೋಡಿದರೆ ನಗೋದು ಕಲಿತಿತ್ತಪ್ಪ. ಇನ್ನು ಮರೆಯುತ್ತೆ" ಎಂದರು. ಆಮೇಲೆ ರಾತ್ರಿಯೆಲ್ಲ ಅವರು ಮಾತಾಡಲಿಲ್ಲ. ನನಗೂ ನಿದ್ದೆ ಬರಲಿಲ್ಲ. ಆ ಮಗು ಅವರನ್ನು ಮರೆಯುವುದೆಂಬ ಅಂಜಿಕೆ ಅವರದು. ನಾನು ಬರುವಷ್ಟರಲ್ಲಿ ತಡವಾದೀತೆಂಬ ಅಂಜಿಕೆ ನನ್ನದು.

ದೇವನಹಳ್ಳಿಯಲ್ಲಿಳಿದಾಗ ನಡುರಾತ್ರಿ ಮೀರಿತ್ತು. ಬಸ್ಸು ಹಿಡಿದು ಮೆಜೆಸ್ಟಿಕ್ಕಿಗೆ ಬಂದು, ನಿಲ್ದಾಣದಲ್ಲಿ ಪೆಟ್ಟಿಗೆಯ ಮೇಲೆ ಕುಳಿತು ಹೊತ್ತು ಕಳೆದು, ಬೆಳಗಿನ ಜಾವದ ಧಾರವಾಡದ ರೈಲು ಹತ್ತಿದೆ. ತುಮಕೂರು ದಾಟುವಾಗ ಕಣ್ಣು ಹತ್ತಿತು. ಎಚ್ಚರವಾದಾಗ ರೈಲು ಹರಿಹರದ ಸೇತುವೆಯ ಮೇಲಿತ್ತು. ಕೆಳಗೆ ತುಂಗಭದ್ರೆ. ಅಲ್ಲಿಂದ ಮುಂದೆ ನನ್ನ ಸೀಮೆ. ಹಾವೇರಿ ದಾಟಿದ ಮೇಲೆ ಕರಿಯ ಹೊಲಗಳಲ್ಲಿ ಹೆಸರು, ಹತ್ತಿ ಎಳೆಯದಾಗಿ ಎದ್ದಿದ್ದವು. ಎತ್ತು ಹೂಡಿ ಎಡೆ ಹೊಡೆಯುತ್ತಿದ್ದರು. ಮರುದಿನ ಮಣ್ಣೆತ್ತಿನ ಅಮಾವಾಸ್ಯೆ ಎಂಬುದು ಹುಬ್ಬಳ್ಳಿಯ ನಿಲ್ದಾಣದ ಹೊರಗೆ ಬುಟ್ಟಿಯಲ್ಲಿ ಹೊತ್ತ ಮಣ್ಣೆತ್ತುಗಳನ್ನು ಕಂಡಾಗ ನೆನಪಾಯಿತು. ಯೂರೋಪಿನ ತಾರೀಖುಗಳಲ್ಲಿ ಬದುಕಿದ್ದವನಿಗೆ ತಿಥಿ ಮರೆತುಹೋಗಿತ್ತು.

ಮನೆಯ ಮುಂದೆ ಆಟೋ ನಿಂತಾಗ ಮಧ್ಯಾಹ್ನದ ಒಂದು ಗಂಟೆ. ಹೊರಟ ದಿನ ಇದೇ ಕಟ್ಟೆಯ ಮೇಲೆ ನಿಂತು "ಹೋಗಿ ಬರ್ತೇನ್ರಿ ಅಪ್ಪಾಜಿ" ಎಂದಿದ್ದೆ; "ಆತು, ಹೋಗಿ ಬಾ" ಎಂದು ಅವರು ದೊಡ್ಡ ದನಿಯಲ್ಲಿ ಹೇಳಿದ್ದರು. ಪಾಠ ಹೇಳಿ ಬೆಳೆದ ದನಿ ಅದು, ಓಣಿಯ ತುದಿಗೆ ಕೇಳುತ್ತಿತ್ತು. ಈಗ ಅವರು ಪಡಸಾಲೆಯ ಮಂಚದ ಮೇಲೆ ಗೋಡೆಗೊರಗಿ ಕುಳಿತಿದ್ದರು. ಮುಖದ ಬಲಭಾಗ ತುಸು ಜಗ್ಗಿತ್ತು. ಮೈ ಅರ್ಧವಾಗಿತ್ತು. ಕಾಲಿಗೆರಗಿ "ಬಂದೇನ್ರಿ" ಎಂದೆ. ತುಟಿ ಅಲುಗಿದವು, ದನಿ ಹೊರಡಲಿಲ್ಲ. ನನ್ನ ತಲೆಯ ಮೇಲೆ ಎಡಗೈಯನ್ನಿಟ್ಟು ಬಹಳ ಹೊತ್ತು ತೆಗೆಯಲಿಲ್ಲ.

ಆಮೇಲೆ ಅದೇ ಕೈಯಿಂದ ದಿಂಬಿನ ಕೆಳಗೆ ತಡವರಿಸಿ ಒಂದು ಕಾಗದವನ್ನು ಹೊರತೆಗೆದರು. ಏನೂ ತಿಳಿಯದಿದ್ದಾಗ, ಜೂನ್ ಮೊದಲ ವಾರದಲ್ಲಿ, ನಾನು ಬರೆದಿದ್ದ ಪತ್ರ. ‘ನನ್ನ ಜರ್ಮನ್ ಉಚ್ಛಾರ ಈಗ ತಕ್ಕಮಟ್ಟಿಗೆ ಸುಧಾರಿಸಿದೆ’ ಎಂದು ಅದರಲ್ಲಿ ಹೆಮ್ಮೆಯಿಂದ ಬರೆದುಕೊಂಡಿದ್ದೆ. ‘ಉಚ್ಛಾರ’ದ ಸುತ್ತಲೂ ಕೆಂಪು ಮಸಿಯ ಗೆರೆ ಇತ್ತು. ಎಡಗೈಯ ಗೆರೆ, ಅಲ್ಲಲ್ಲಿ ನಡುಗಿ, ಒಂದು ಕಡೆ ಪದವನ್ನೇ ಹಾಯ್ದು, ಕೊನೆಗೆ ಹೇಗೋ ಬಂದು ತುದಿ ಕೂಡಿತ್ತು. ಅಂಚಿನಲ್ಲಿ ಮೊದಲನೆಯ ಇಯತ್ತೆಯ ಹುಡುಗನ ಅಕ್ಷರದಷ್ಟು ದೊಡ್ಡದಾಗಿ ‘ಉಚ್ಚಾರ’ ಎಂದು ಬರೆದಿತ್ತು.

ನಾನು ತಲೆಯೆತ್ತಿ ನೋಡಿದೆ. ಅವರು ಎಡಗೈಯ ಐದು ಬೆರಳುಗಳನ್ನು ಬಿಡಿಸಿ ತೋರಿಸಿದರು, ಮುಚ್ಚಿದರು, ಮತ್ತೊಮ್ಮೆ ಐದನ್ನೂ ಬಿಡಿಸಿದರು.

ಪೆಟ್ಟಿಗೆ ಬಾಗಿಲಲ್ಲಿಯೇ ಇತ್ತು. ಒಳಗಿನಿಂದ ಮಗಳು ಪಾಟಿಯನ್ನೂ ಬಳಪವನ್ನೂ ತಂದುಕೊಟ್ಟಳು. ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಹತ್ತು ಸಲ ಬರೆದು ತೋರಿಸಿದೆ.